‘ಸುಲ್ತಾನ’ ಎಂಬ ಬಿರುದು ಬೆಳೆದು ಬಂದ ದಾರಿ

ಕುರ್‌ಆನಿನ 27ನೆಯ ಅಧ್ಯಾಯದಲ್ಲಿ ಸುಲೈಮಾನ್ ಪ್ರವಾದಿಯ ಆಸ್ಥಾನದ ಪ್ರಸಂಗವೊಂದು ಬರುತ್ತದೆ. ದೊರೆಯಾದ ಸುಲೈಮಾನ್ ತನ್ನ ಹಕ್ಕಿಗಳ ಪಡೆಯನ್ನು ಪರಿಶೀಲಿಸುವಾಗ ಚಂದ್ರಮುಕುಟ ಹಕ್ಕಿಯೊಂದು ಕಾಣುವುದಿಲ್ಲ. ಅಪ್ಪಣೆಯಿಲ್ಲದೆ ದೂರವಾದ ಆ ಹಕ್ಕಿಯನ್ನು ಕಠಿಣವಾಗಿ ದಂಡಿಸುವುದಾಗಿ, ಇಲ್ಲವೇ ಕೊಂದೇಬಿಡುವುದಾಗಿ ಅವನು ಹೇಳುತ್ತಾನೆ. ಶಿಕ್ಷೆಯಿಂದ ಪಾರಾಗಬೇಕಾದರೆ ಅದು ತನ್ನ ಮುಂದೆ ಸ್ಪಷ್ಟವಾದ ‘ಸುಲ್ತಾನ್’ ಒಂದನ್ನು ತಂದೊಪ್ಪಿಸಬೇಕು ಎನ್ನುತ್ತಾನೆ. ಇಲ್ಲಿ ಸಿಂಹಾಸನದ ಮೇಲೆ ಕುಳಿತವನು ಸುಲ್ತಾನನಲ್ಲ, ಹಕ್ಕಿಯು ತರಬೇಕಾದ ಸಮರ್ಥನೆಯೇ ಸುಲ್ತಾನ್. ದೊರೆಗಳ ಬಿರುದೆಂದೇ ನಾವು ತಿಳಿದಿರುವ ಈ ಮಾತಿಗೆ ಅರಬ್ಬಿಯ ಅತ್ಯಂತ ಹಳೆಯ ಗ್ರಂಥದಲ್ಲಿ ಇರುವ ಅರ್ಥ ಪುರಾವೆ, ಆಧಾರ, ಒಪ್ಪಲೇಬೇಕಾದ ಕಾರಣ ಎಂಬುದು.

ಕುರ್‌ಆನಿನಲ್ಲಿ ಈ ಪದ ಮೂವತ್ತಕ್ಕೂ ಹೆಚ್ಚು ಕಡೆ ಬಂದಿದ್ದರೂ ಒಂದೇ ಒಂದು ಕಡೆಯಲ್ಲಿಯೂ ಅದು ವ್ಯಕ್ತಿಯನ್ನು ಸೂಚಿಸುವುದಿಲ್ಲ. ಮೂಸಾ ಪ್ರವಾದಿ ಈಜಿಪ್ಟಿನ ದೊರೆ ಫಿರ್‌ಔನನ ಬಳಿಗೆ ಹೋಗುವುದು ‘ಸ್ಪಷ್ಟ ಸುಲ್ತಾನ್’ ಹಿಡಿದುಕೊಂಡು. ಅಂದರೆ ದೇವರು ಕೊಟ್ಟ ಪ್ರಮಾಣದೊಡನೆ. ತೀರ್ಪಿನ ದಿನ ಸೈತಾನನು ತನ್ನ ಹಿಂಬಾಲಕರಿಗೆ, ನಿಮ್ಮ ಮೇಲೆ ನನಗೆ ಯಾವ ಸುಲ್ತಾನ್ ಕೂಡ ಇರಲಿಲ್ಲ, ನಾನು ಕರೆದೆ, ನೀವು ಓಗೊಟ್ಟಿರಿ ಎನ್ನುತ್ತಾನೆ. ಇಲ್ಲಿ ಅದರ ಅರ್ಥ ಹಿಡಿತ ಅಥವಾ ಬಲ. ಅನ್ಯಾಯವಾಗಿ ಕೊಲೆಯಾದವನ ಹತ್ತಿರದ ಬಂಧುವಿಗೆ ಸುಲ್ತಾನ್ ಕೊಡಲಾಗಿದೆ ಎಂಬಲ್ಲಿ ಅದು ನ್ಯಾಯ ಕೇಳುವ ಹಕ್ಕು. 69ನೆಯ ಅಧ್ಯಾಯದಲ್ಲಿ ನರಕಕ್ಕೆ ಸಲ್ಲುವ ಮನುಷ್ಯನೊಬ್ಬ ನನ್ನ ಸಂಪತ್ತು ಕೆಲಸಕ್ಕೆ ಬರಲಿಲ್ಲ, ನನ್ನ ಸುಲ್ತಾನ್ ನಾಶವಾಯಿತು ಎಂದು ಹಲುಬುತ್ತಾನೆ. ಪ್ರಮಾಣದ ಬಲ ಮತ್ತು ಅಧಿಕಾರದ ಬಲ ಎರಡನ್ನೂ ಒಂದೇ ಪದ ಹೊತ್ತಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಎದುರಾಳಿಯ ಬಾಯಿ ಕಟ್ಟಿಸುವ ವಾದಕ್ಕೂ ಎದುರಾಳಿಯ ಕೈ ಕಟ್ಟಿಸುವ ಆಜ್ಞೆಗೂ ನಡುವೆ ಇರುವ ನಂಟನ್ನು ಆ ಭಾಷೆ ಗುರುತಿಸಿತ್ತು.

ವ್ಯಾಕರಣದ ದೃಷ್ಟಿಯಿಂದ ಇದು ಸ್-ಲ್-ತ್ ಎಂಬ ಮೂರು ವ್ಯಂಜನಗಳ ಧಾತುವಿನಿಂದ ಬಂದ ಭಾವನಾಮದ ಅಚ್ಚಿನಲ್ಲಿದೆ. ಕ್ಷಮೆ ಎಂಬರ್ಥದ ‘ಗುಫ್ರಾನ್’ ಕೂಡ ಅದೇ ಅಚ್ಚಿನ ಪದ. ಅರಬ್ಬಿಯ ಸೋದರ ಭಾಷೆಗಳಲ್ಲಿಯೂ ಇದರ ನಂಟರಿದ್ದಾರೆ. ಸಿರಿಯಾಕ್ ಭಾಷೆಯಲ್ಲಿ ‘ಶುಲ್ತಾನಾ’ ಎಂದರೆ ಪ್ರಭುತ್ವ. ಬೈಬಲಿನ ದಾನಿಯೇಲನ ಗ್ರಂಥದ ಅರಾಮಿಕ್ ಭಾಗದಲ್ಲಿ ಎಂದೆಂದಿಗೂ ಅಳಿಯದ ದೈವೀ ಆಳ್ವಿಕೆಯನ್ನು ಹೇಳಲು ಬಳಸಿರುವುದು ಇದೇ ಕುಲದ ಪದ. ಇಂದಿನ ಹೀಬ್ರೂವಿನಲ್ಲಿ ‘ಶಿಲ್ತೋನ್’ ಎಂದರೆ ಆಡಳಿತ. ಮಧ್ಯಯುಗದ ಅರಬ್ಬಿ ನಿಘಂಟುಕಾರರಿಗೆ ಇಷ್ಟು ಸಾಲದೆ, ದೀಪದ ಎಣ್ಣೆಗೆ ಇರುವ ‘ಸಲೀತ್’ ಎಂಬ ಹೆಸರಿನಿಂದ ಅದನ್ನು ಬಿಡಿಸಿದವರೂ ಇದ್ದರು. ಎಣ್ಣೆ ಬೆಳಕು ಕೊಡುವಂತೆ ಪ್ರಮಾಣವೂ ಬೆಳಕು ಕೊಡುತ್ತದೆ, ಭೂಮಿಯ ಮೇಲೆ ದೊರೆಯು ದೇವರ ಪ್ರಮಾಣ ಎಂಬುದು ಅವರ ತರ್ಕ. ಭಾಷಾಶಾಸ್ತ್ರವಾಗಿ ಇದು ನಿಲ್ಲುವುದಿಲ್ಲ, ಆದರೆ ಆಳುವವರನ್ನು ಮೆಚ್ಚಿಸಲು ವಿದ್ವಾಂಸರು ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ಚೆನ್ನಾಗಿ ತೋರಿಸುತ್ತದೆ.

ಭಾವವನ್ನು ಹೇಳುವ ಪದ ಮನುಷ್ಯನ ಮೇಲೆ ಬಂದು ಕೂತದ್ದು ನಿಧಾನವಾಗಿ. ಇಸ್ಲಾಮಿನ ಮೊದಲ ಶತಮಾನಗಳ ಈಜಿಪ್ಟಿನ ಪಪೈರಸ್ ಕಾಗದಗಳಲ್ಲಿ ಸುಲ್ತಾನ್ ಎಂದರೆ ಸರ್ಕಾರ. ಕಂದಾಯ ಸಲ್ಲಬೇಕಾದದ್ದು ಸುಲ್ತಾನಿಗೆ, ಬೊಕ್ಕಸವೂ ಸುಲ್ತಾನಿನದು. ಪ್ರವಾದಿಯ ಮಾತುಗಳೆಂದು ಸಂಗ್ರಹವಾದ ಹದೀಸ್‌ಗಳಲ್ಲಿ ಈ ಜಾರುವಿಕೆ ಸ್ಪಷ್ಟವಾಗಿ ಕಾಣಿಸುತ್ತದೆ. ಮದುವೆಯ ವಿಷಯದಲ್ಲಿ, ಪೋಷಕರಿಲ್ಲದ ಹೆಣ್ಣಿಗೆ ಸುಲ್ತಾನ್ ಪೋಷಕ ಎಂಬ ಮಾತಿದೆ. ಅದನ್ನು ಪ್ರಭುತ್ವ ಎಂದೂ ಓದಬಹುದು, ಪ್ರಭುತ್ವ ನಡೆಸುವ ಅಧಿಕಾರಿ ಎಂದೂ ಓದಬಹುದು. ಅನ್ಯಾಯಗಾರನಾದ ಸುಲ್ತಾನನ ಎದುರು ನ್ಯಾಯದ ಮಾತಾಡುವುದೇ ಅತ್ಯುತ್ತಮ ಜಿಹಾದ್ ಎಂಬ ಪ್ರಸಿದ್ಧ ವಾಕ್ಯದಲ್ಲಿಯಾದರೋ ಎದುರಿಗೆ ನಿಂತಿರುವವನು ರಕ್ತಮಾಂಸದ ಮನುಷ್ಯನೇ. ಮಠದ ಸ್ವಾಮಿಗಳನ್ನು ನಾವು ‘ಸನ್ನಿಧಾನ’ ಎಂದು ಕರೆಯುವಾಗಲೂ ನಡೆದಿರುವುದು ಇದೇ: ಸಮೀಪದಲ್ಲಿರುವಿಕೆ ಎಂಬ ಭಾವವು ಗೌರವದ ದೆಸೆಯಿಂದ ವ್ಯಕ್ತಿಯ ಹೆಸರಾಗಿದೆ. ಆದರೆ ಹತ್ತನೆಯ ಶತಮಾನದವರೆಗೂ ಸುಲ್ತಾನ್ ಎಂಬುದು ಮಾತಿನ ರೂಢಿಯಾಗಿತ್ತೇ ಹೊರತು ಯಾರೂ ಯಾರಿಗೂ ವಿಧಿವತ್ತಾಗಿ ಕೊಟ್ಟ ಪದವಿಯಾಗಿರಲಿಲ್ಲ. ಖಲೀಫರನ್ನೂ ಹಾಗೆ ಕರೆಯುತ್ತಿದ್ದರು, ಪ್ರಾಂತಾಧಿಕಾರಿಗಳನ್ನೂ ಕರೆಯುತ್ತಿದ್ದರು.

ಬಿರುದಾಗಬೇಕಾದರೆ ಅದಕ್ಕೊಂದು ಖಾಲಿ ಜಾಗ ಬೇಕಿತ್ತು. ಆ ಜಾಗ ಬಗ್ದಾದಿನಲ್ಲಿ ತೆರೆದುಕೊಂಡಿತು. ಪ್ರವಾದಿಯ ಉತ್ತರಾಧಿಕಾರಿ ಎಂಬ ಅರ್ಥದ ಖಲೀಫ ಪದವಿಯಲ್ಲಿ ಧರ್ಮದ ಮುಂದಾಳುತನವೂ ರಾಜ್ಯದ ಆಳ್ವಿಕೆಯೂ ಒಂದಾಗಿ ಸೇರಿದ್ದವು. 945ರಲ್ಲಿ ಇರಾನಿನ ದೈಲಮ್ ಪ್ರದೇಶದ ಬುವೈಹಿದ್ ಸೋದರರಲ್ಲಿ ಒಬ್ಬ ಸೇನೆಯೊಡನೆ ಬಗ್ದಾದನ್ನು ಹೊಕ್ಕ ಮೇಲೆ ಅಬ್ಬಾಸಿ ಮನೆತನದ ಖಲೀಫನ ಕೈಯಲ್ಲಿ ಉಳಿದದ್ದು ಗೌರವ ಮಾತ್ರ. ತೆರಿಗೆ, ಸೈನ್ಯ, ನೇಮಕಾತಿ ಎಲ್ಲವೂ ಸೇನಾಧಿಪತಿಗಳ ಪಾಲಾದವು. ಹಾಗೆಂದು ಖಲೀಫನನ್ನು ತೆಗೆದುಹಾಕುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಅವನ ಒಪ್ಪಿಗೆಯಿಲ್ಲದ ಆಳ್ವಿಕೆ ಜನರ ಕಣ್ಣಲ್ಲಿ ಬರೀ ದರೋಡೆ. ಆದ್ದರಿಂದ ಬಲವುಳ್ಳವರು ಬಿರುದು ಕೇಳಿದರು, ಬಲವಿಲ್ಲದ ಖಲೀಫ ಬಿರುದು ಹಂಚಿದ. ಬುವೈಹಿದರಿಗೆ ‘ಪ್ರಭುತ್ವದ ಕೀರ್ತಿ’, ‘ಪ್ರಭುತ್ವದ ಆಧಾರಸ್ತಂಭ’ ಎಂಬ ಬಗೆಯ ಹೆಸರುಗಳು ಬಂದವು. ಘಜ್ನಿಯ ಮಹಮೂದನಿಗೆ 999ರಲ್ಲಿ ಖಲೀಫ ಅಲ್-ಕಾದಿರ್ ‘ಯಮೀನುದ್ದೌಲಾ’, ಅಂದರೆ ಪ್ರಭುತ್ವದ ಬಲಗೈ, ಎಂಬ ಬಿರುದನ್ನು ದಯಪಾಲಿಸಿದ. ಸುಲ್ತಾನ್ ಎನಿಸಿಕೊಂಡ ಮೊದಲ ದೊರೆ ಈ ಮಹಮೂದನೇ ಎಂಬ ಹೇಳಿಕೆ ಹಳೆಯದು, ಬಹಳ ಕಡೆ ಉದ್ಧೃತವಾಗುವಂಥದು. ಜನರ ಬಾಯಲ್ಲಿಯೂ ಆಸ್ಥಾನದ ಹೊಗಳಿಕೆಯಲ್ಲಿಯೂ ಅವನು ಸುಲ್ತಾನನಾಗಿದ್ದಿರಬಹುದು, ಆದರೆ ಖಲೀಫ ಅವನಿಗೆ ವಿಧಿವತ್ತಾಗಿ ಕೊಟ್ಟ ಬಿರುದುಗಳು ಬೇರೆ.

ಈ ಪದವನ್ನು ಅಧಿಕೃತ ಪದವಿಯ ಮಟ್ಟಕ್ಕೆ ಏರಿಸಿದವರು ಮಧ್ಯ ಏಷ್ಯಾದಿಂದ ಬಂದ ಸೆಲ್ಜುಕ್ ತುರ್ಕರು. ತುಗ್ರಿಲ್ ಬೇಗ್ 1038ರಲ್ಲಿ ಖುರಾಸಾನಿನ ನಿಶಾಪುರವನ್ನು ಹಿಡಿದ. ಅಲ್ಲಿ ಅಚ್ಚಾದ ಅವನ ಚಿನ್ನದ ದಿನಾರ್‌ಗಳ ಮೇಲೆ ‘ಅಸ್-ಸುಲ್ತಾನ್ ಅಲ್-ಮುಅಜ್ಜಮ್’, ಅಂದರೆ ಘನತೆವೆತ್ತ ಸುಲ್ತಾನ್, ಎಂಬ ಮಾತಿದೆ. ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬಾರದು. ಆ ಲೋಕದಲ್ಲಿ ಆಳ್ವಿಕೆಯ ಗುರುತುಗಳು ಎರಡು: ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಹೆಸರು ಕೇಳಿಸಬೇಕು, ಟಂಕಸಾಲೆಯ ನಾಣ್ಯದಲ್ಲಿ ಹೆಸರು ಕಾಣಿಸಬೇಕು. ಸೆಲ್ಜುಕರ ಕಾಲದ ನಾಣ್ಯದಲ್ಲಿ ಖಲೀಫನ ಹೆಸರೂ ಇದೆ, ಸುಲ್ತಾನನ ಹೆಸರೂ ಇದೆ. ಒಂದೇ ಬಿಲ್ಲೆಯ ಮೇಲೆ ಪಾವಿತ್ರ್ಯಕ್ಕೊಂದು ಹೆಸರು, ಬಲಕ್ಕೊಂದು ಹೆಸರು. 1055ರಲ್ಲಿ ತುಗ್ರಿಲ್ ಬಗ್ದಾದನ್ನು ಹೊಕ್ಕು ಬುವೈಹಿದರ ಆಳ್ವಿಕೆಯನ್ನು ಕೊನೆಗಾಣಿಸಿದ. 1058ರಲ್ಲಿ ಖಲೀಫ ಅಲ್-ಕಾಇಮ್ ಅವನನ್ನು ಸಭೆಯಲ್ಲಿ ಬರಮಾಡಿಕೊಂಡು ಪೂರ್ವ ಪಶ್ಚಿಮಗಳ ಅರಸನೆಂದು ಸಾರಿದ. ಖಲೀಫನ ಮಗಳನ್ನೇ ತನಗೆ ಮದುವೆ ಮಾಡಿಕೊಡಬೇಕೆಂದು ತುಗ್ರಿಲ್ ಹಟ ಹಿಡಿದದ್ದೂ, ಖಲೀಫ ವರ್ಷಗಟ್ಟಲೆ ತಪ್ಪಿಸಿಕೊಳ್ಳಲು ನೋಡಿ ಕೊನೆಗೆ ಮಣಿದದ್ದೂ, 1063ರಲ್ಲಿ ವೃದ್ಧ ತುಗ್ರಿಲ್ ತೀರಿಕೊಂಡದ್ದೂ ಆ ಎರಡು ಹೆಸರುಗಳ ನಡುವಿನ ಸಂಬಂಧ ನಿಜವಾಗಿ ಹೇಗಿತ್ತೆಂಬುದನ್ನು ಯಾವ ರಾಜ್ಯಶಾಸ್ತ್ರದ ಗ್ರಂಥಕ್ಕಿಂತಲೂ ಚೆನ್ನಾಗಿ ಹೇಳುತ್ತವೆ.

ಅದೇ 1058ರಲ್ಲಿ ತೀರಿಕೊಂಡ ಅಲ್-ಮಾವರ್ದಿ ಎಂಬ ಬಗ್ದಾದಿನ ನ್ಯಾಯಶಾಸ್ತ್ರಜ್ಞನ ಮುಖ್ಯ ಕೃತಿಯ ಹೆಸರು ‘ಅಲ್-ಅಹ್ಕಾಮ್ ಅಸ್-ಸುಲ್ತಾನಿಯ್ಯಾ’. ಸುಲ್ತಾನರ ಕಟ್ಟಳೆಗಳು ಎಂದು ಅದನ್ನು ಅನುವಾದಿಸಿದರೆ ತಪ್ಪಾಗುತ್ತದೆ. ಆಡಳಿತದ ಕಟ್ಟಳೆಗಳು ಎಂಬುದೇ ಸರಿ, ಏಕೆಂದರೆ ಆ ಗ್ರಂಥದ ಕೇಂದ್ರದಲ್ಲಿ ಇರುವವನು ಖಲೀಫ. ಮಾವರ್ದಿಗೆ ಬಿರುದುಗಳ ವಿಷಯದಲ್ಲಿ ಕಟ್ಟುನಿಟ್ಟಿತ್ತು. ಬುವೈಹಿದ್ ದೊರೆ ಜಲಾಲುದ್ದೌಲಾ ‘ಅರಸರ ಅರಸ’ ಎಂಬ ಬಿರುದನ್ನು ಬಯಸಿದಾಗ, ಅದು ದೇವರಿಗೆ ಮಾತ್ರ ಸಲ್ಲುವಂಥದು ಎಂದು ಅವನು ಒಪ್ಪಲಿಲ್ಲ. ಅರಸ ಎಂಬರ್ಥದ ‘ಮಲಿಕ್’ ಪದಕ್ಕೆ ಹೀಗೆ ದೇವರ ಹೆಸರಿನ ತೊಡಕು ಇತ್ತು, ಪೂರ್ವದ ದರ್ಪಿಷ್ಠ ದೊರೆಗಳ ನೆನಪಿನ ಕೆಸರೂ ಅಂಟಿಕೊಂಡಿತ್ತು. ‘ಅಮೀರ್’ ಎಂಬುದು ಆಜ್ಞೆ ಕೊಡುವವನು, ಯಾರದೋ ಕೈಕೆಳಗಿನ ಸೇನಾನಾಯಕನಾಗಿರಲೂ ಸಾಕು. ಸುಲ್ತಾನ್ ಎಂಬುದಕ್ಕೆ ಈ ಎರಡು ಹೊರೆಯೂ ಇರಲಿಲ್ಲ. ಅದು ಎಲ್ಲಿಂದ ಬಂತು ಎಂದು ಕೇಳದೆ, ಅಧಿಕಾರ ಇದೆ ಎಂಬುದನ್ನಷ್ಟೇ ಹೇಳುತ್ತದೆ. ವಂಶದ ಹಿರಿಮೆಯಾಗಲಿ ಪ್ರವಾದಿಯ ಬಳಗದ ನಂಟಾಗಲಿ ಇಲ್ಲದ ಕುದುರೆ ಸವಾರರಿಗೆ ಇದಕ್ಕಿಂತ ಒಪ್ಪುವ ಬಿರುದು ಸಿಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಯಶಸ್ಸಿನ ಗುಟ್ಟೂ ಇದೇ.

ಅಧಿಕಾರವೆಂದರೆ ಕತ್ತಿಯದು ಮಾತ್ರವಲ್ಲ ಎಂಬ ಹಳೆಯ ಅರ್ಥವನ್ನು ವಿದ್ವಾಂಸರೂ ಸೂಫಿಗಳೂ ಬಿಟ್ಟುಕೊಡಲಿಲ್ಲ. ಬಿಸ್ತಾಮಿನ ಸಂತ ಬಾಯಜೀದ್‌ಗೆ ‘ಸುಲ್ತಾನುಲ್ ಆರಿಫೀನ್’, ಅರಿತವರ ಸುಲ್ತಾನ್, ಎಂಬ ಹೆಸರು ನಿಂತಿತು. 1262ರಲ್ಲಿ ತೀರಿಕೊಂಡ ಇಜ್ಜುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಎಂಬ ನ್ಯಾಯಶಾಸ್ತ್ರಜ್ಞನನ್ನು ‘ಸುಲ್ತಾನುಲ್ ಉಲಮಾ’, ವಿದ್ವಾಂಸರ ಸುಲ್ತಾನ್, ಎಂದು ಕರೆದರು. ಈತ ಕೈರೋದಲ್ಲಿ ಕಾಜಿಯಾಗಿದ್ದಾಗ, ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದ ಮಮ್ಲೂಕ್ (ಗುಲಾಮ ಸೈನಿಕ) ಅಮೀರರು ಕಾನೂನಿನ ಪ್ರಕಾರ ಇನ್ನೂ ಬೊಕ್ಕಸಕ್ಕೆ ಸೇರಿದ ಗುಲಾಮರೇ ಆಗಿರುವುದರಿಂದ ಅವರು ಮಾಡಿದ ವ್ಯವಹಾರಗಳು ಸಿಂಧುವಲ್ಲ, ಅವರನ್ನು ಹರಾಜಿನಲ್ಲಿ ಮಾರಿ ವಿಧಿವತ್ತಾಗಿ ಬಿಡುಗಡೆ ಮಾಡಬೇಕು ಎಂದು ತೀರ್ಪಿತ್ತನೆಂದು ಇತಿಹಾಸಕಾರರು ಬರೆದಿದ್ದಾರೆ. ‘ಅಮೀರರನ್ನು ಮಾರಿದವನು’ ಎಂಬ ಅಡ್ಡಹೆಸರೇ ಅವನಿಗೆ ಉಳಿಯಿತು. ಆ ಕಾಲದ ಕೈರೋದಲ್ಲಿ ಇಬ್ಬರು ಸುಲ್ತಾನರಿದ್ದರು ಎಂದರೆ ಅತಿಶಯೋಕ್ತಿಯಾಗದು. ಒಬ್ಬನ ಬಳಿ ಪ್ರಭುತ್ವ ಎಂಬರ್ಥದ ಸುಲ್ತಾನ್, ಇನ್ನೊಬ್ಬನ ಬಳಿ ಪ್ರಮಾಣ ಎಂಬರ್ಥದ ಸುಲ್ತಾನ್.

1258ರಲ್ಲಿ ಮಂಗೋಲರ ಹುಲಗು ಬಗ್ದಾದನ್ನು ಹಾಳುಗೆಡವಿ ಖಲೀಫ ಅಲ್-ಮುಸ್ತಾಸಿಮನನ್ನು ಕೊಲ್ಲಿಸಿದ. ಅಧಿಕಾರಕ್ಕೆ ಮುದ್ರೆ ಒತ್ತುವವನೇ ಇಲ್ಲವಾದ ಮೇಲೂ ಬಿರುದು ಸಾಯಲಿಲ್ಲ. ಈಜಿಪ್ಟಿನ ಮಮ್ಲೂಕ್ ಸುಲ್ತಾನ ಬೈಬರ್ಸ್ 1261ರಲ್ಲಿ ಅಬ್ಬಾಸಿ ಮನೆತನದವನೊಬ್ಬನನ್ನು ಕೈರೋದಲ್ಲಿ ಖಲೀಫನನ್ನಾಗಿ ಕೂರಿಸಿ ಅವನಿಂದ ತನ್ನ ಸುಲ್ತಾನಗಿರಿಗೆ ಒಪ್ಪಿಗೆ ಪಡೆದ. ತಾನೇ ಕೂರಿಸಿದವನಿಂದ ತಾನೇ ಪಡೆದ ಒಪ್ಪಿಗೆ. ದೆಹಲಿಯ ಕಥೆ ಇನ್ನೂ ವಿಚಿತ್ರವಾದದ್ದು. ಇಲ್ತುತ್‌ಮಿಶ್ 1229ರಲ್ಲಿ ಬಗ್ದಾದಿನಿಂದ ಮನ್ನಣೆಯ ಉಡುಗೊರೆಗಳನ್ನು ತರಿಸಿಕೊಂಡಿದ್ದ. ಅದೇ ಸಂಪ್ರದಾಯದಲ್ಲಿ ಮುಂದಿನ ಸುಲ್ತಾನರು ನಾಣ್ಯಗಳ ಮೇಲೆ ಖಲೀಫ ಮುಸ್ತಾಸಿಮನ ಹೆಸರನ್ನು ಅಚ್ಚು ಹಾಕಿಸುತ್ತ ಹೋದರು. ಅವನು ಸತ್ತು ಮೂರು ದಶಕಗಳು ಕಳೆದರೂ ಖಲ್ಜಿಗಳ ಆರಂಭದ ನಾಣ್ಯಗಳಲ್ಲಿ ಆ ಹೆಸರು ಬರುತ್ತಲೇ ಇತ್ತು. ಸತ್ತವನ ಹೆಸರಾದರೂ ಸರಿ, ಆಳ್ವಿಕೆಗೆ ಸಾಕ್ಷಿ ಬೇಕಿತ್ತು.

ಹದಿನಾಲ್ಕನೆಯ ಶತಮಾನಕ್ಕೆ ಬಂದರೆ ಈ ಅರಬ್ಬಿ ಪದ ಕನ್ನಡದ ಶಾಸನಗಳನ್ನು ಹೊಕ್ಕಿದೆ, ಅದೂ ಮುಸ್ಲಿಮರಲ್ಲದ ದೊರೆಗಳ ಬಿರುದಾಗಿ. ಸಂಗಮ ವಂಶದ ಬುಕ್ಕರಾಯನ ಶಾಸನಗಳಲ್ಲಿ ‘ಅರಿರಾಯ ವಿಭಾಡ, ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದುಗಳ ಸಾಲಿನಲ್ಲಿಯೇ ‘ಹಿಂದೂರಾಯ ಸುರತ್ರಾಣ’ ಎಂಬುದೂ ಇದೆ. ಕೆಲವೆಡೆ ‘ಸುರತಾಳ’ ಎಂಬ ರೂಪವೂ ಕಾಣುತ್ತದೆ. ಸುರತ್ರಾಣ ಎಂಬುದನ್ನು ಸಂಸ್ಕೃತವಾಗಿ ಬಿಡಿಸಿದರೆ ದೇವತೆಗಳನ್ನು ಕಾಪಾಡುವವನು ಎಂದಾಗುತ್ತದೆ, ಆದರೆ ಅದು ಸುಲ್ತಾನ್ ಎಂಬುದನ್ನೇ ಸಂಸ್ಕೃತದ ಬಾಯಲ್ಲಿ ಹೇಳಿದ ರೂಪ. ಎಣ್ಣೆಯಿಂದ ಸುಲ್ತಾನನನ್ನು ಹುಟ್ಟಿಸಿದ ಅರಬ್ಬಿ ಪಂಡಿತರಿಗೆ ನಮ್ಮ ಶಾಸನಕವಿಗಳು ಕಡಿಮೆಯೇನಲ್ಲ. ಈ ಬಿರುದನ್ನು ಹಿಂದೂ ಅರಸರನ್ನು ಸುಲ್ತಾನರಿಂದ ಕಾಪಾಡಿದವನು ಎಂದು ತಿರುಚಿ ಓದುವವರೂ ಇದ್ದಾರೆ. ಹಿಂದೂ ಅರಸರಲ್ಲಿ ಸುಲ್ತಾನನಂಥವನು ಎಂಬ ನೇರ ಅರ್ಥವೇ ನನಗೆ ಒಪ್ಪಿಗೆಯಾಗುವಂಥದು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ತಲೆಯೆತ್ತಿದ ಹೊತ್ತಿನಲ್ಲಿ, ಸುಲ್ತಾನ್ ಎಂಬುದು ದಖನ್ನಿನಲ್ಲಿ ಮತದ ಗುರುತಿಗಿಂತ ಹೆಚ್ಚಾಗಿ ಯಾರಿಗೂ ತಲೆಬಾಗದ ದೊಡ್ಡ ದೊರೆತನದ ಗುರುತಾಗಿತ್ತು. ಅದನ್ನು ಎದುರಾಳಿಗೇ ಬಿಟ್ಟುಕೊಡಲು ವಿಜಯನಗರದವರು ಸಿದ್ಧರಿರಲಿಲ್ಲ. ಇನ್ನು ಕನ್ನಡಿಗರಿಗೆ ಈ ಪದ ಕೇಳಿದೊಡನೆ ನೆನಪಾಗುವ ಟಿಪ್ಪುವಿನ ವಿಷಯದಲ್ಲಿ ಒಂದು ಮಾತು: ಅವನ ಹೆಸರಿನಲ್ಲಿರುವ ‘ಸುಲ್ತಾನ್’ ಪಟ್ಟಕ್ಕೇರಿದ ಮೇಲೆ ಬಂದ ಪದವಿಯಲ್ಲ, ಆರ್ಕಾಟಿನ ಸಂತ ಟಿಪ್ಪು ಮಸ್ತಾನನ ನೆನಪಿಗೆ ಮಗುವಿಗಿಟ್ಟ ಹೆಸರಿನದೇ ಭಾಗ. ತಂದೆ ಹೈದರ್ ಅಲಿಗೆ ನವಾಬನೆಂಬ ಹೆಸರಿತ್ತು, ಸುಲ್ತಾನನೆಂಬುದಿರಲಿಲ್ಲ.

ಹೆಂಗಸರು ಆಳಿದಾಗ ಈ ಬಿರುದಿಗೆ ಏನಾಯಿತು ಎಂಬುದು ಪ್ರತ್ಯೇಕವಾಗಿ ನೋಡಬೇಕಾದ ಸಂಗತಿ. ದೆಹಲಿಯಲ್ಲಿ 1236ರಿಂದ 1240ರವರೆಗೆ ಆಳಿದ ಇಲ್ತುತ್‌ಮಿಶನ ಮಗಳನ್ನು ಸಮಕಾಲೀನ ಇತಿಹಾಸಕಾರ ಮಿನ್ಹಾಜ್ ‘ಸುಲ್ತಾನ್ ರಜಿಯಾ’ ಎಂದೇ ಬರೆದಿದ್ದಾನೆ. ನಾವು ಹೇಳುವ ‘ರಜಿಯಾ ಸುಲ್ತಾನಾ’ ನಂತರದ ರೂಢಿ. ಕೈರೋದಲ್ಲಿ 1250ರಲ್ಲಿ ಕೆಲವೇ ವಾರಗಳ ಕಾಲ ಆಳಿದ ಶಜರುದ್ದುರ್ ತನ್ನ ನಾಣ್ಯದಲ್ಲಿ ‘ಮುಸ್ಲಿಮರ ರಾಣಿ’ ಎಂದೂ, ತೀರಿಕೊಂಡ ಮಗನಾದ ಖಲೀಲನ ತಾಯಿ ಎಂದೂ ಹೇಳಿಕೊಂಡಳು. ಖಲೀಫನ ಸಮ್ಮತಿ ಅವಳಿಗೆ ಸಿಗಲಿಲ್ಲ. ಸುಮಾತ್ರಾದ ಅಚೇ ರಾಜ್ಯದಲ್ಲಿ 1641ರಿಂದ 1699ರವರೆಗೆ ಒಬ್ಬರ ಹಿಂದೊಬ್ಬರಂತೆ ನಾಲ್ವರು ಹೆಂಗಸರು ಸುಲ್ತಾನಾ ಪದವಿಯಲ್ಲಿ ಆಳಿದರು. ಇಸ್ತಾಂಬುಲಿನಿಂದ ಆಳಿದ ತುರ್ಕಿ ಮನೆತನವಾದ ಆಟೊಮನ್ನರು ಈ ಗಂಟನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದ್ದರು: ದೊರೆಯಾದರೆ ಸುಲ್ತಾನ್ ಸುಲೈಮಾನ್ ಎಂದು ಹೆಸರಿನ ಮುಂದೆ, ರಾಜಕುಮಾರಿಯಾದರೆ ಮಿಹ್ರಿಮಾ ಸುಲ್ತಾನ್ ಎಂದು ಹೆಸರಿನ ನಂತರ. ಆಳುವವನ ತಾಯಿ ‘ವಾಲಿದೆ ಸುಲ್ತಾನ್’. ಅಧಿಕಾರ ಒಬ್ಬನದಲ್ಲ, ಇಡೀ ಮನೆತನದ್ದು ಎಂಬ ನಂಬಿಕೆ ಈ ರೂಢಿಯ ಹಿಂದಿದೆ.

ಆಟೊಮನ್ನರಲ್ಲಿ ಸುಲ್ತಾನ, ಖಲೀಫ ಎರಡೂ ಒಬ್ಬನೇ ಆಗಿದ್ದ. ಆ ಎರಡನ್ನು ಮತ್ತೆ ಸೀಳಿದ್ದು ಅಂಕಾರಾದ ರಾಷ್ಟ್ರೀಯ ಸಭೆ. 1922ರ ನವೆಂಬರ್ 1ರಂದು ಅದು ಸುಲ್ತಾನಗಿರಿಯನ್ನು ರದ್ದುಗೊಳಿಸಿತು; ಆರನೆಯ ಮೆಹ್ಮೆದ್ ಅದೇ ತಿಂಗಳು ಬ್ರಿಟಿಷರ ಯುದ್ಧನೌಕೆಯಲ್ಲಿ ಇಸ್ತಾಂಬುಲ್ ಬಿಟ್ಟು ಹೋದ. ಅವನ ದಾಯಾದಿ ಅಬ್ದುಲ್ ಮಜೀದ್ ಬರೀ ಖಲೀಫನಾಗಿ, ಯಾವ ಅಧಿಕಾರವೂ ಇಲ್ಲದೆ, 1924ರ ಮಾರ್ಚ್ 3ರಂದು ಆ ಪದವಿಯೂ ರದ್ದಾಗುವವರೆಗೆ ಮುಂದುವರಿದ. ಬುವೈಹಿದರು ಮತ್ತು ಸೆಲ್ಜುಕರು ಖಲೀಫನನ್ನು ಉಳಿಸಿಕೊಂಡು ಬಲವನ್ನು ಕಿತ್ತುಕೊಂಡಂತೆಯೇ ಅಂಕಾರಾದವರೂ ಮೊದಲಿಗೆ ಮಾಡಿದರು. ವ್ಯತ್ಯಾಸವೆಂದರೆ ಈ ಸಲ ಕಿತ್ತುಕೊಂಡ ಬಲ ಸಭೆಯೊಂದರ ಪಾಲಾಯಿತು, ಅದಕ್ಕೆ ಹೊಸ ಬಿರುದು ಬೇಕಾಗಲಿಲ್ಲ.

ಅರಬ್ ನಾಡುಗಳಲ್ಲಿಯಂತೂ ಇಪ್ಪತ್ತನೆಯ ಶತಮಾನದಲ್ಲಿ ಸುಲ್ತಾನ್ ಎಂಬುದು ಮೆಟ್ಟಿಲಾಯಿತು. 1914ರ ಡಿಸೆಂಬರಿನಲ್ಲಿ ಬ್ರಿಟಿಷರು ಈಜಿಪ್ಟನ್ನು ಆಟೊಮನ್ನರಿಂದ ಬೇರ್ಪಡಿಸಿ ರಕ್ಷಿತ ರಾಜ್ಯವೆಂದು ಸಾರಿದಾಗ ಹುಸೈನ್ ಕಾಮಿಲ್‌ಗೆ ಸುಲ್ತಾನ್ ಪದವಿ ಕೊಟ್ಟರು, ಇಸ್ತಾಂಬುಲಿನವನಿಗೆ ಸರಿಸಮನಾಗಲಿ ಎಂದು; 1922ರಲ್ಲಿ ಸ್ವಾತಂತ್ರ್ಯ ಘೋಷಣೆಯಾದಾಗ ಅವನ ತಮ್ಮ ಫುಆದ್ ಮಲಿಕ್ ಆದ. ಸೌದಿ ಅರೇಬಿಯಾವನ್ನು ಕಟ್ಟಿದ ಇಬ್ನ್ ಸೌದ್ 1921ರಲ್ಲಿ ನಜ್ದಿನ ಸುಲ್ತಾನ್, 1926ರಲ್ಲಿ ಹಿಜಾಜಿನ ಮಲಿಕ್. ಮೊರಾಕ್ಕೊದ ಐದನೆಯ ಮುಹಮ್ಮದ್ 1957ರಲ್ಲಿ ಸುಲ್ತಾನ್ ಬಿಟ್ಟು ಮಲಿಕ್ ಎನಿಸಿಕೊಂಡ. ಮಾವರ್ದಿಯ ಕಾಲದಲ್ಲಿ ಅನುಮಾನ ಹುಟ್ಟಿಸಿದ್ದ ಪದವೇ ಹೊಸ ರಾಷ್ಟ್ರಗಳಿಗೆ ಆಧುನಿಕವಾಗಿ ಕಂಡಿತು, ಸುಲ್ತಾನ್ ಹಳೆಯ ಕಾಲದ ಸರಕಾಯಿತು. ಹಳೆಯ ಭಾವಾರ್ಥದ ಕೆಲಸವನ್ನು ಈಗಿನ ಅರಬ್ಬಿಯಲ್ಲಿ ಅದೇ ಧಾತುವಿನ ‘ಸುಲ್ತಾ’ ಮಾಡುತ್ತಿದೆ; ಪತ್ರಿಕೋದ್ಯಮವನ್ನು ನಾಲ್ಕನೆಯ ಸುಲ್ತಾ ಎನ್ನುತ್ತಾರೆ, ಪ್ಯಾಲೆಸ್ತೀನಿನ ಆಡಳಿತಕ್ಕೆ ಅರಬ್ಬಿಯಲ್ಲಿ ರೂಢಿಯಾಗಿರುವ ಹೆಸರಿನಲ್ಲಿಯೂ ಅದೇ ಪದವಿದೆ.

ಅರಬ್ ಜಗತ್ತಿನಲ್ಲಿ ಇಂದು ಸುಲ್ತಾನನೆನಿಸಿಕೊಂಡು ದೇಶವಾಳುವವನು ಒಮಾನಿನವನೊಬ್ಬನೇ. ಪದ ಹುಟ್ಟಿದ ನೆಲದಿಂದ ಬಹು ದೂರದ ಬ್ರೂನೈಯಲ್ಲಿ ಮತ್ತು ಮಲೇಷ್ಯಾದ ಏಳು ರಾಜ್ಯಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಇಂಡೋನೇಷ್ಯಾ ಗಣರಾಜ್ಯವಾದರೂ, ಜಾವಾದ್ವೀಪದ ಯೋಗ್ಯಕರ್ತಾದಲ್ಲಿ ಸುಲ್ತಾನನೇ ಪ್ರಾಂತದ ರಾಜ್ಯಪಾಲನಾಗಬೇಕೆಂದು 2012ರ ಕಾನೂನು ಹೇಳುತ್ತದೆ. ಅಲ್ಲಿನ ಹತ್ತನೆಯ ಹಮೆಂಗ್ಕುಬುವೊನೊಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. 2015ರಲ್ಲಿ ಅವನು ತನ್ನ ಉದ್ದನೆಯ ಬಿರುದಾವಳಿಯಿಂದ ‘ಖಲೀಫತುಲ್ಲಾ’ ಎಂಬುದನ್ನು ತೆಗೆದುಹಾಕಿ, ಹಿರಿಯ ಮಗಳಿಗೆ ಉತ್ತರಾಧಿಕಾರಿಗೆ ಸಲ್ಲುವ ಹೆಸರನ್ನು ಕೊಟ್ಟ. ಖಲೀಫ ಎಂಬ ಮಾತು ಹೋದರೆ ಸುಲ್ತಾನ್ ಪದವಿ ಹೆಣ್ಣಿಗೂ ತೆರೆದೀತು ಎಂಬ ಲೆಕ್ಕಾಚಾರವನ್ನು ಜನ ಅದರಲ್ಲಿ ಕಂಡರು. ಅವನ ತಮ್ಮಂದಿರು ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು.